ಹಿತ್ತಿಲಿನಲ್ಲಿ ಯಾವ ತರಕಾರಿ ಬೆಳೆಯೋಣ?

"ಇನ್ನು ಮನೆಗೆ ಹೋಗಬಹುದು. ಮಾತ್ರೆ ತಪ್ಪಿಸಬೇಡಿ. ಸೊಪ್ಪು, ತರಕಾರಿ ಚೆನ್ನಾಗಿ ತಿನ್ನಿ." ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಬಹುತೇಕ ಎಲ್ಲ ರೋಗಿಗಳೂ ಕೇಳುವ ಮಾತಿದು. ಮಾತ್ರೆಯ ಚೀಟಿ ಕೈಯಲ್ಲಿರುತ್ತದೆ, ಔಷಧದ ಅಂಗಡಿ ಎಲ್ಲಿದೆ ಎಂಬುದೂ ಗೊತ್ತಿರುತ್ತದೆ. ಆದರೆ ಎರಡನೆಯ ಮಾತನ್ನು ದಿನವೂ ನಡೆಸುವುದು ಹೇಗೆ? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿಗಳಲ್ಲಿ ಅಂಗಡಿಗೆ ಬರುವ ತರಕಾರಿಯ ಬಹುಪಾಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿದು ಬರುವಂಥದು. ಮಳೆಗಾಲದಲ್ಲಿ ಘಾಟಿ ರಸ್ತೆ ಕೆಟ್ಟರೆ ಬೆಲೆ ಏರುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದನ್ನು ಆ ಕಡೆಯವರು ಮರೆತಿರಲಾರರು. ಇಂಥ ದಿನಗಳಲ್ಲಿ ಕೂಲಿಯನ್ನೇ ನಂಬಿದ ಮನೆಯ ಊಟ ಗಂಜಿ, ಉಪ್ಪಿನಕಾಯಿಗೆ ಇಳಿಯುತ್ತದೆ. ರಕ್ತದೊತ್ತಡದ ರೋಗಿಗೆ ಆ ಉಪ್ಪಿನಕಾಯಿಯೇ ತೊಂದರೆ.

ಆದ್ದರಿಂದ ಮನೆಯ ಹಿತ್ತಿಲಿನಲ್ಲಿ ನಾಲ್ಕು ಗಿಡ ಬೆಳೆಸಿಕೊಳ್ಳುವುದು ರೋಗಿಯ ಆರೈಕೆಯ ಒಂದು ಭಾಗವೇ ಆಗಿದೆ. ಆದರೆ ಯಾವ ಗಿಡ, ಯಾವ ತಳಿ ಎಂಬುದನ್ನು ಯೋಚಿಸದೆ ಪ್ಯಾಕೆಟ್ಟಿನ ಮೇಲಿನ ಚಿತ್ರ ನೋಡಿ ಬೀಜ ತಂದರೆ ಶ್ರಮ ವ್ಯರ್ಥವಾಗುತ್ತದೆ. ಈ ಪಾಠದಲ್ಲಿ ಆ ಆಯ್ಕೆಯ ಬಗ್ಗೆ ತಿಳಿಯೋಣ.

ಮೊದಲು ಮೂರು ಪ್ರಶ್ನೆಗಳು

ಬೀಜ ತರುವ ಮೊದಲು ಮನೆಯವರೆಲ್ಲ ಕುಳಿತು ಈ ಮೂರು ಪ್ರಶ್ನೆ ಕೇಳಿಕೊಳ್ಳಿ.

1. ಈ ತಳಿ ನಮ್ಮ ಮಣ್ಣಿಗೆ, ಈ ತಿಂಗಳಿನ ಹವೆಗೆ ಹೊಂದುತ್ತದೆಯೇ?
2. ನಮ್ಮ ಮನೆಯ ರೋಗಿ ಇದನ್ನು ತಿನ್ನಬಹುದೇ?
3. ಮುಂದಿನ ವರ್ಷದ ಬೀಜ ನಮ್ಮ ಗಿಡದಿಂದಲೇ ಸಿಗುತ್ತದೆಯೇ?

ಮೂರಕ್ಕೂ "ಹೌದು" ಎಂಬ ಉತ್ತರ ಬರುವ ತರಕಾರಿಗೆ ಮೊದಲ ಜಾಗ ಕೊಡಿ.

ನಮ್ಮ ಮಣ್ಣು, ನಮ್ಮ ಮಳೆ

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಘಟ್ಟದ ಬುಡದ ಬೆಳ್ತಂಗಡಿಯಲ್ಲಿ ಮಳೆ ಇನ್ನೂ ಜೋರು. ಇಷ್ಟು ಮಳೆಗೆ ಮುರಕಲ್ಲಿನ ಕೆಂಪು ಮಣ್ಣಿನ ಸತ್ವ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ. ಹುಳಿ ಮಣ್ಣಿನಲ್ಲಿ ಹಾಕಿದ ಗೊಬ್ಬರ ಗಿಡಕ್ಕೆ ಸರಿಯಾಗಿ ದಕ್ಕುವುದಿಲ್ಲ.

ಇದಕ್ಕೆ ಸುಲಭದ ಪರಿಹಾರ ಸುಣ್ಣ. ನೆಡುವುದಕ್ಕೆ ಎರಡು ವಾರ ಮೊದಲು ಒಂದು ಚದರ ಮೀಟರ್ ಜಾಗಕ್ಕೆ ಸುಮಾರು ಒಂದು ಹಿಡಿ ಕೃಷಿ ಸುಣ್ಣವನ್ನು ಮಣ್ಣಿಗೆ ಬೆರೆಸಿ. ಸುಣ್ಣ ಮತ್ತು ಹಟ್ಟಿಗೊಬ್ಬರವನ್ನು ಒಂದೇ ದಿನ ಹಾಕಬೇಡಿ, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಸುಣ್ಣ ಹಾಕಿದ ಎರಡು ವಾರದ ನಂತರ ಹಟ್ಟಿಗೊಬ್ಬರ, ಸುಡುಮಣ್ಣು, ತರಗೆಲೆ ಸೇರಿಸಿ. ನಮ್ಮ ಹಿರಿಯರು ಸುಡುಮಣ್ಣು, ಬೂದಿ ಹಾಕುತ್ತಿದ್ದುದರಲ್ಲೂ ಇದೇ ಗುಣವಿತ್ತು.

ಮಳೆಗಾಲದಲ್ಲಿ ನೆಲಮಟ್ಟದಲ್ಲಿ ನೆಡಬೇಡಿ. ಒಂದು ಅಡಿ ಎತ್ತರದ ದಿಣ್ಣೆ ಅಥವಾ ಸಾಲು ಮಾಡಿ. ಬೇರಿನ ಬಳಿ ಎರಡು ದಿನ ನೀರು ನಿಂತರೂ ತರಕಾರಿ ಗಿಡ ಕೊಳೆಯುತ್ತದೆ. ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ಅಡಿಕೆ ತೋಟದ ನೆರಳಿನಲ್ಲಿ ಬೆಂಡೆ, ಹೀರೆ ಕಾಯಿ ಬಿಡುವುದಿಲ್ಲ. ಕೆಸು, ಸುವರ್ಣಗಡ್ಡೆ, ಅರಿಶಿನ, ಒಂದೆಲಗ ಮಾತ್ರ ಅರೆನೆರಳಿನಲ್ಲೂ ಬರುತ್ತವೆ.

ಕಾಲಕ್ಕೆ ತಕ್ಕ ತರಕಾರಿ

ವರ್ಷದ ಹನ್ನೆರಡು ತಿಂಗಳೂ ಹಿತ್ತಿಲಿನಿಂದ ಏನಾದರೂ ಅಡುಗೆಮನೆಗೆ ಬರುವಂತೆ ಯೋಜಿಸುವುದೇ ಜಾಣತನ.

ಮೇ ಕೊನೆ: ಮೊದಲ ಮಳೆ ಬಿದ್ದು ಮಣ್ಣು ಹದವಾದಾಗ ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆ, ಅಲಸಂಡೆ ಬೀಜ ಹಾಕಿ. ಜಡಿಮಳೆ ಹಿಡಿಯುವ ಮೊದಲೇ ಸಸಿ ಬೇರೂರಬೇಕು. ಚೌತಿಯ ಹೊತ್ತಿಗೆ ಇವು ಅಡುಗೆಮನೆಯಲ್ಲಿರುತ್ತವೆ. ಕೆಸು, ಸುವರ್ಣಗಡ್ಡೆಯನ್ನೂ ಇದೇ ಸಮಯದಲ್ಲಿ ನೆಡಬೇಕು.

ಜೂನ್, ಜುಲೈ: ಹೊಸ ಬಿತ್ತನೆಗೆ ಒಳ್ಳೆಯ ಕಾಲವಲ್ಲ. ಈ ಎರಡು ತಿಂಗಳೇ ಬಡವರ ಮನೆಯಲ್ಲಿ ತರಕಾರಿಯ ಬರಗಾಲ. ಅದಕ್ಕಾಗಿಯೇ ಹಿರಿಯರು ಬೇಸಿಗೆಯ ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಪಕ್ಕಾಸಿಗೆ ತೂಗಹಾಕುತ್ತಿದ್ದರು. ಬೂದುಗುಂಬಳವನ್ನು ಅಟ್ಟದಲ್ಲಿ ಇಡುತ್ತಿದ್ದರು. ಒಂದಕ್ಕೊಂದು ತಾಗದಂತೆ, ಗಾಳಿಯಾಡುವಂತೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಸೆಪ್ಟೆಂಬರ್, ಅಕ್ಟೋಬರ್: ಬದನೆ, ಮೆಣಸು, ಟೊಮೆಟೊ ಬೀಜವನ್ನು ಮಳೆ ತಾಗದ ಕಡೆ ಕುಂಡದಲ್ಲಿ ಹಾಕಿ ಸಸಿ ಮಾಡಿ. ಸುಮಾರು ಒಂದು ತಿಂಗಳಾದ ಸಸಿಗಳನ್ನು ಮಳೆ ತಗ್ಗಿದ ಮೇಲೆ ಸಾಲಿಗೆ ನೆಡಿ.

ನವೆಂಬರ್‌ನಿಂದ ಜನವರಿ: ಏಣೆಲು ಕೊಯ್ಲು ಮುಗಿದ ಗದ್ದೆಯ ಮೂಲೆಯಲ್ಲಿ ಸೌತೆ, ಕುಂಬಳ, ಹರಿವೆ, ಅಲಸಂಡೆ, ಗೆಣಸು ಬೆಳೆಯಬಹುದು. ಕರಾವಳಿಯ ತರಕಾರಿಗೆ ಇದೇ ಅತಿ ಒಳ್ಳೆಯ ಕಾಲ. ಹೊಸಬರು ಇಲ್ಲಿಂದಲೇ ಆರಂಭಿಸಿ.

ಫೆಬ್ರವರಿಯಿಂದ ಮೇ: ಬಾವಿಯ ನೀರು ಇಳಿಯುವ ದಿನಗಳು. ಬಚ್ಚಲಿನ ನೀರು ಹರಿಯುವ ಕಡೆ ಬಸಳೆ ಚಪ್ಪರ, ತೊಂಡೆ ಚಪ್ಪರ ಇದ್ದರೆ ಸಾಕು. ನೀರು ಬುಡಕ್ಕೆ ಹೋಗಲಿ, ಎಲೆಯ ಮೇಲೆ ಬೀಳದಿರಲಿ. ಗಾಯ ತೊಳೆದ ನೀರು, ರೋಗಿಯ ಕಫ, ವಾಂತಿಯ ಬಟ್ಟೆ ತೊಳೆದ ನೀರನ್ನು ಗಿಡಕ್ಕೆ ಬಿಡಬಾರದು.

ತಳಿ ಆರಿಸುವುದು ಹೇಗೆ?

ಬಸಳೆ: ಹಸಿರು ದಂಟಿನದು, ಕೆಂಪು ದಂಟಿನದು ಎಂದು ಎರಡು ಬಗೆ. ಎರಡೂ ಒಳ್ಳೆಯವೇ. ನೆರೆಮನೆಯ ಬಳ್ಳಿಯಲ್ಲಿ ಎಲೆಯ ಮೇಲೆ ಕೆಂಪು ಅಂಚಿನ ಚುಕ್ಕಿ ಇಲ್ಲದ, ದಪ್ಪ ದಂಟಿನ ಬಳ್ಳಿಯನ್ನು ನೋಡಿ ಒಂದು ಗೇಣಿನ ತುಂಡು ತನ್ನಿ. ದುಡ್ಡು ಕೊಡಬೇಕಾಗಿಲ್ಲ. ಅಡಿಕೆ ಸಲಕೆಯ ಸಣ್ಣ ಚಪ್ಪರ ಸಾಕು.

ಹರಿವೆ: ಬೀಜ ಹಾಕಿದ ಒಂದು ತಿಂಗಳಿಗೆ ಕೊಯ್ಲಿಗೆ ಬರುವುದರಿಂದ ಆಸ್ಪತ್ರೆಯಿಂದ ಹೋದವರಿಗೆ ಮೊದಲ ಗಿಡ ಇದೇ. ಮಳೆಗಾಲದಲ್ಲಿ ಕೆಂಪು ಹರಿವೆಗೆ ಎಲೆಚುಕ್ಕಿ ಬೇಗ ಬರುತ್ತದೆ. ಆಗ ಹಸಿರು ಹರಿವೆ ಹಾಕಿ, ಕೆಂಪನ್ನು ನವೆಂಬರ್ ನಂತರಕ್ಕೆ ಇಡಿ. ಎಲ್ಲ ಬೀಜವನ್ನು ಒಂದೇ ದಿನ ಹಾಕದೆ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಾಕಿದರೆ ಸೊಪ್ಪು ತಪ್ಪುವುದಿಲ್ಲ.

ಅಲಸಂಡೆ: ಬಳ್ಳಿಯ ತಳಿ, ಪೊದೆಯ ತಳಿ ಎಂದು ಎರಡು ವಿಧ. ಜಾಗ ಕಡಿಮೆ ಇದ್ದರೆ ಕೋಲಿಗೆ ಹಬ್ಬಿಸುವ ಬಳ್ಳಿಯ ತಳಿಯೇ ಲಾಭ, ತಿಂಗಳುಗಟ್ಟಲೆ ಕೊಯ್ಯಬಹುದು. ಊರಿನ ಉದ್ದ ಅಲಸಂಡೆ ಸಿಕ್ಕರೆ ಅದೇ ಇರಲಿ. ಸಿಗದಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ "ಅರ್ಕ ಮಂಗಳ" ಎಂಬ ಉದ್ದ ಕಾಯಿಯ ತಳಿ ಇದೆ. ಅಲಸಂಡೆಯ ಬೇರು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಹಾಗಾಗಿ ಅದು ಬೆಳೆದ ಜಾಗದಲ್ಲಿ ಮುಂದೆ ಹರಿವೆ ಹಾಕಿದರೆ ಚೆನ್ನಾಗಿ ಬರುತ್ತದೆ.

ಬೆಂಡೆ: ಬಿಳಿಛಾಯೆಯ ಉದ್ದನೆಯ ಊರಿನ ಬೆಂಡೆ ಬಲಿಯುವುದು ನಿಧಾನ. ಒಂದು ದಿನ ಕೊಯ್ಯಲು ಮರೆತರೂ ನಾರಾಗುವುದಿಲ್ಲ. ರೋಗಿಯ ಆರೈಕೆಯಲ್ಲಿರುವ ಮನೆಯವರಿಗೆ ಇದು ದೊಡ್ಡ ಅನುಕೂಲ. ಎಲೆಯ ನರಗಳು ಹಳದಿಯಾಗುವ ರೋಗ ನಿಮ್ಮಲ್ಲಿ ಪ್ರತಿ ವರ್ಷ ಬರುತ್ತಿದ್ದರೆ ಅದನ್ನು ತಾಳಿಕೊಳ್ಳುವ "ಅರ್ಕ ಅನಾಮಿಕ" ಹಾಕಿ ನೋಡಿ.

ಬದನೆ ಮತ್ತು ಟೊಮೆಟೊ: ನಮ್ಮ ಹುಳಿ ಮಣ್ಣಿನಲ್ಲಿ ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಚೆನ್ನಾಗಿದ್ದ ಗಿಡ ಹೂ ಬಿಡುವ ಹೊತ್ತಿಗೆ ಹಸಿರಾಗಿದ್ದಂತೆಯೇ ಬಾಡಿ ಬೀಳುತ್ತದೆ. ನೀರು ಸಾಲದೆಂದು ನೀರು ಹೊಯ್ದರೆ ಇನ್ನೂ ಬೇಗ ಸಾಯುತ್ತದೆ. ಇದು ಮಣ್ಣಿನ ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಪರೀಕ್ಷೆ ಸುಲಭ: ಬಾಡಿದ ಗಿಡದ ಬುಡದ ತುಂಡನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಇಳಿದರೆ ಅದೇ ರೋಗ. ಆ ಗಿಡವನ್ನು ಬೇರುಸಹಿತ ಕಿತ್ತು ಸುಡಿ. ಆ ಜಾಗದಲ್ಲಿ ಎರಡು ಮೂರು ವರ್ಷ ಬದನೆ, ಟೊಮೆಟೊ, ಮೆಣಸು ಹಾಕಬೇಡಿ. ಈ ರೋಗವನ್ನು ತಡೆದುಕೊಳ್ಳುವ ಬದನೆ ತಳಿಗಳು "ಅರ್ಕ ಕೇಶವ", "ಅರ್ಕ ನಿಧಿ", "ಅರ್ಕ ನೀಲಕಂಠ". ಟೊಮೆಟೊದಲ್ಲಿ "ಅರ್ಕ ರಕ್ಷಕ್" ಎಂಬ ಹೈಬ್ರಿಡ್ ಸೊರಗು ರೋಗ, ಎಲೆಮುರುಟು ರೋಗ ಮತ್ತು ಎಲೆ ಅಂಗಮಾರಿ ಮೂರನ್ನೂ ತಾಳುತ್ತದೆ. ಆದರೆ ಹೈಬ್ರಿಡ್ ಆದ್ದರಿಂದ ಪ್ರತಿ ಬಾರಿ ಹೊಸ ಬೀಜ ಕೊಳ್ಳಬೇಕು.

ಹಲವರು ಕೇಳುವುದು ಮಟ್ಟುಗುಳ್ಳದ ಬಗ್ಗೆ. ಉಡುಪಿ ಬಳಿಯ ಮಟ್ಟು ಗ್ರಾಮದ ಈ ಗುಂಡು ಬದನೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದರ ರುಚಿಗೆ ಆ ಊರಿನ ಮಣ್ಣೂ ಕಾರಣ. ಮುರಕಲ್ಲಿನ ಮಣ್ಣಿನಲ್ಲಿ ಅದೇ ರುಚಿ, ಅದೇ ಇಳುವರಿ ನಿರೀಕ್ಷಿಸಬೇಡಿ. ಆಸೆಯಿದ್ದರೆ ಒಂದೆರಡು ಗಿಡ ಬೆಳೆಸಿ, ಮನೆಯ ಊಟಕ್ಕೆ ಅದನ್ನೇ ನಂಬಬೇಡಿ.

ಹೀರೆ, ಪಡುವಲ, ಹಾಗಲ: ಮಳೆಗಾಲದಲ್ಲಿ ಹಣ್ಣುನೊಣದ ಕಾಟ ಹೆಚ್ಚು. ಕಾಯಿ ಬೆರಳುದ್ದ ಇರುವಾಗಲೇ ಕಾಗದದ ಅಥವಾ ಹಳೆಯ ಬಟ್ಟೆಯ ಚೀಲ ಕಟ್ಟಿದರೆ ವಿಷ ಸಿಂಪಡಿಸುವ ಅಗತ್ಯವಿಲ್ಲ. ಹುಳ ಬಿದ್ದ ಕಾಯಿಗಳನ್ನು ಅಲ್ಲಿಯೇ ಬಿಡದೆ ಆಳವಾಗಿ ಹೂಳಿ.

ತೊಂಡೆ: ಇದರಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಚೆನ್ನಾಗಿ ಕಾಯಿ ಬಿಟ್ಟ ಬಳ್ಳಿಯಿಂದಲೇ ತುಂಡು ತನ್ನಿ. ಒಮ್ಮೆ ನೆಟ್ಟರೆ ಕೆಲವು ವರ್ಷ ನಿಶ್ಚಿಂತೆ.

ನುಗ್ಗೆ: ನೀರು ನಿಲ್ಲದ ಎತ್ತರದ ಜಾಗ ಬೇಕು. ಬೀಜದಿಂದ ಬೆಳೆಯುವ "ಪಿ.ಕೆ.ಎಂ.-1", "ಭಾಗ್ಯ" ತಳಿಗಳು ಬೇಗ ಕಾಯಿ ಬಿಡುತ್ತವೆ. ಜಡಿಮಳೆಯ ಊರಿನಲ್ಲಿ ಕಾಯಿ ಕಡಿಮೆಯಾದರೂ ಬೇಸರ ಬೇಡ, ಸೊಪ್ಪು ಕಾಯಿಗಿಂತ ಪೌಷ್ಟಿಕ. ಗಿಡವನ್ನು ಎದೆಯೆತ್ತರಕ್ಕೆ ಚಿವುಟುತ್ತಾ ಬಂದರೆ ವಯಸ್ಸಾದವರೂ ನಿಂತಲ್ಲೇ ಸೊಪ್ಪು ಕೊಯ್ಯಬಹುದು.

ರೋಗಿ ಇರುವ ಮನೆಯಲ್ಲಿ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬ ವಯಸ್ಕನಿಗೆ ದಿನಕ್ಕೆ ಹಣ್ಣು, ತರಕಾರಿ ಸೇರಿ ಕನಿಷ್ಠ 400 ಗ್ರಾಂ ಬೇಕು. ಆಲೂಗಡ್ಡೆ, ಗೆಣಸು, ಮರಗೆಣಸು ಈ ಲೆಕ್ಕಕ್ಕೆ ಸೇರುವುದಿಲ್ಲ. ಇದು ಆರೋಗ್ಯವಂತರ ಲೆಕ್ಕ. ರೋಗಕ್ಕೆ ತಕ್ಕಂತೆ ಆಯ್ಕೆ ಬದಲಾಗುತ್ತದೆ.

ರಕ್ತಹೀನತೆ ಇರುವವರಿಗೆ, ಗರ್ಭಿಣಿಯರಿಗೆ: ಹರಿವೆ, ನುಗ್ಗೆಸೊಪ್ಪು, ಅಲಸಂಡೆ. ಸೊಪ್ಪಿನ ಕಬ್ಬಿಣದಂಶ ದೇಹಕ್ಕೆ ಸೇರಲು ಹುಳಿ ನೆರವಾಗುತ್ತದೆ. ಪಲ್ಯವನ್ನು ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಊಟದ ಜೊತೆಯಲ್ಲಿ ಚಹಾ, ಕಾಫಿ ಬೇಡ, ಒಂದು ಗಂಟೆಯಾದರೂ ಅಂತರವಿರಲಿ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಸೊಪ್ಪು ತಿನ್ನುತ್ತೇವೆಂದು ನಿಲ್ಲಿಸಬೇಡಿ.

ಸಕ್ಕರೆ ಕಾಯಿಲೆಯವರಿಗೆ: ಬೆಂಡೆ, ಹೀರೆ, ಪಡುವಲ, ತೊಂಡೆ, ಹಾಗಲ, ಅಲಸಂಡೆ, ಸೊಪ್ಪುಗಳು. ಗೆಡ್ಡೆಗಳಿಗೆ ಮಿತಿ. ಹಾಗಲಕಾಯಿ ಪಲ್ಯ ಒಳ್ಳೆಯದು, ಆದರೆ ಹಾಗಲರಸ ಕುಡಿದು ಮಾತ್ರೆ, ಇನ್ಸುಲಿನ್ ಬಿಟ್ಟವರು ಸಕ್ಕರೆ ವಿಪರೀತ ಏರಿ ಆಸ್ಪತ್ರೆಗೆ ಬರಬೇಕಾಗುತ್ತದೆ. ಮಾತ್ರೆಯ ಜೊತೆಗೆ ರಸವನ್ನೂ ಹೆಚ್ಚು ಕುಡಿದರೆ ಸಕ್ಕರೆ ಒಮ್ಮೆಲೇ ಇಳಿದು ತಲೆಸುತ್ತು ಬರಬಹುದು.

ಮೂತ್ರಕೋಶ, ಮೂತ್ರಪಿಂಡದಲ್ಲಿ ಕಲ್ಲು ಆದವರಿಗೆ: ಬಸಳೆ, ಹರಿವೆ, ಕೆಸುವಿನಲ್ಲಿ ಆಕ್ಸಲೇಟ್ ಹೆಚ್ಚು. ದಿನವೂ ತಿನ್ನಬೇಡಿ. ಹೀರೆ, ಪಡುವಲ, ಸೌತೆ ಹೆಚ್ಚು ಬೆಳೆಯಿರಿ. ನೀರು ಧಾರಾಳ ಕುಡಿಯಿರಿ.

ಮೂತ್ರಪಿಂಡದ ವೈಫಲ್ಯ, ಡಯಾಲಿಸಿಸ್ ಇರುವವರಿಗೆ: ಸೊಪ್ಪು, ಗೆಡ್ಡೆಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ಕೆಡುತ್ತದೆ. ತರಕಾರಿಯನ್ನು ಸಣ್ಣದಾಗಿ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ ಅಡುಗೆ ಮಾಡಬೇಕು. ಯಾವುದು ಎಷ್ಟು ಎಂಬುದನ್ನು ಆಹಾರತಜ್ಞರಲ್ಲಿ ಬರೆಸಿಕೊಂಡು ಹೋಗಿ. ಇಂಥವರ ಮನೆಯಲ್ಲಿ ಹಿತ್ತಿಲು ತುಂಬ ಹರಿವೆ ಬೆಳೆದರೆ ರೋಗಿಗೆ ಪ್ರಯೋಜನವಿಲ್ಲ.

ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ ರಕ್ತ ಹೆಪ್ಪುಗಟ್ಟದ ಮಾತ್ರೆ (ವಾರ್ಫರಿನ್, ಅಸಿನೋಕೌಮರಾಲ್) ತೆಗೆದುಕೊಳ್ಳುವವರಿಗೆ: ಹಸಿರು ಸೊಪ್ಪಿನ "ಕೆ" ಜೀವಸತ್ವ ಆ ಮಾತ್ರೆಯ ಶಕ್ತಿಯನ್ನು ತಗ್ಗಿಸುತ್ತದೆ. ಸೊಪ್ಪು ಬಿಡಬೇಕಾಗಿಲ್ಲ, ಪ್ರತಿ ವಾರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರಬೇಕು. ಹಿತ್ತಿಲಿನಲ್ಲಿ ಬೆಳೆ ಬಂತೆಂದು ಒಂದು ವಾರ ದಿನವೂ ತಿಂದು, ಮುಂದಿನ ವಾರ ಒಂದೂ ಇಲ್ಲವೆಂದಾಗಬಾರದು.

ಎಚ್ಚರಿಕೆ: ಹಿತ್ತಿಲಿನ ನಾಲ್ಕು ಗಿಡಗಳು

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ಹತ್ತಿರದ ವಸ್ತುವಿಗೆ ಬೆಲೆ ಕೊಡದವರನ್ನು ಕುರಿತು ಹೇಳುತ್ತೇವೆ. ಈಗ ಇದರ ವಿರುದ್ಧದ ತಪ್ಪೂ ನಡೆಯುತ್ತಿದೆ. ಯಾರೋ ಹೇಳಿದರೆಂದು ಹಿತ್ತಿಲಿನ ಕಾಯಿ, ಎಲೆಗಳ ರಸವನ್ನು ಮದ್ದೆಂದು ಲೋಟಗಟ್ಟಲೆ ಕುಡಿಯುವವರಿದ್ದಾರೆ. ಈ ನಾಲ್ಕನ್ನು ನೆನಪಿಡಿ.

ಬಿಂಬುಳಿ: ಸಾರಿಗೆ, ಮೀನಿನ ಪದಾರ್ಥಕ್ಕೆ ಎರಡು ಮೂರು ಕಾಯಿ ಹಾಕಿದರೆ ತೊಂದರೆಯಿಲ್ಲ. ಕೊಲೆಸ್ಟ್ರಾಲ್ ಇಳಿಯುತ್ತದೆಂದು ಇದರ ರಸ ಕುಡಿದ ಕೇರಳದ 10 ಮಂದಿಗೆ ಮೂತ್ರಪಿಂಡ ಹಠಾತ್ತನೆ ಕೆಟ್ಟದ್ದನ್ನು 2013ರಲ್ಲಿ ವೈದ್ಯರು ವರದಿ ಮಾಡಿದ್ದಾರೆ. ಹಲವರಿಗೆ ಡಯಾಲಿಸಿಸ್ ಬೇಕಾಯಿತು.

ದಾರೆಹುಳಿ: ಮೂತ್ರಪಿಂಡದ ಕಾಯಿಲೆಯವರು ಒಂದು ಹಣ್ಣನ್ನೂ ತಿನ್ನಬಾರದು. ನಿಲ್ಲದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ ಬಂದು ಪ್ರಾಣಕ್ಕೇ ಅಪಾಯವಾಗಬಹುದು.

ಚಕ್ರಮುನಿ: "ವಿಟಮಿನ್ ಸೊಪ್ಪು" ಎಂದು ಹಲವರು ಬೆಳೆಸುತ್ತಾರೆ. ಬೇಯಿಸಿ ಮಿತವಾಗಿ ತಿಂದರೆ ಒಳ್ಳೆಯ ಸೊಪ್ಪು. 1990ರ ದಶಕದ ಮಧ್ಯದಲ್ಲಿ ತೈವಾನ್ ದೇಶದಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರ ಶ್ವಾಸಕೋಶ ಸರಿಪಡಿಸಲಾಗದಂತೆ ಹಾಳಾಯಿತು. ಹಸಿ ರಸ ಬೇಡ.

ಕಹಿ ಸೋರೆಕಾಯಿ: ಹೆಚ್ಚುವಾಗ ತುಂಡೊಂದನ್ನು ನಾಲಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಉಗುಳಿ, ಇಡೀ ಕಾಯಿಯನ್ನು ಎಸೆಯಿರಿ. ಕಹಿ ಸೋರೆರಸ ಕುಡಿದು ರಕ್ತವಾಂತಿಯಾಗಿ ಸತ್ತವರಿದ್ದಾರೆ. ಕುಡಿದ ಮೇಲೆ ಹೊಟ್ಟೆನೋವು, ವಾಂತಿ ಬಂದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಬನ್ನಿ.

ಬೀಜ ಉಳಿಸುವುದು

ಕಹಿಯ ಮಾತು ಬೀಜಕ್ಕೂ ಸಂಬಂಧಿಸಿದೆ. ಸೋರೆ, ಸೌತೆ, ಹೀರೆ, ಪಡುವಲಗಳಲ್ಲಿ ಜೇನುನೊಣ ಒಂದು ಬಳ್ಳಿಯ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತದೆ. ಹತ್ತಿರದಲ್ಲಿ ಅದೇ ಜಾತಿಯ ಕಾಡುಬಳ್ಳಿ, ಕಹಿಬಳ್ಳಿ ಇದ್ದರೆ ಮುಂದಿನ ವರ್ಷದ ಕಾಯಿ ಕಹಿಯಾಗಬಹುದು. ಕಹಿ ಕಾಯಿ ಬಿಟ್ಟ ಬಳ್ಳಿಯಿಂದ ಎಂದೂ ಬೀಜ ತೆಗೆಯಬೇಡಿ. ತಾನಾಗಿ ತಿಪ್ಪೆಯಲ್ಲಿ ಹುಟ್ಟಿದ ಸೋರೆಬಳ್ಳಿಯನ್ನು ರುಚಿ ನೋಡದೆ ನಂಬಬೇಡಿ.

ಅಲಸಂಡೆ, ಟೊಮೆಟೊ, ಬೆಂಡೆಯಲ್ಲಿ ಬೆರಕೆ ಕಡಿಮೆ. ಬೀಜ ಉಳಿಸುವುದನ್ನು ಇವುಗಳಿಂದ ಕಲಿಯಿರಿ. ಚೆನ್ನಾಗಿ ಬೆಳೆದ, ರೋಗವಿಲ್ಲದ ಗಿಡವನ್ನು ಆರಂಭದಲ್ಲೇ ಗುರುತಿಸಿ ದಾರ ಕಟ್ಟಿ. ಒಳ್ಳೆಯ ಕಾಯಿಗಳನ್ನೆಲ್ಲ ತಿಂದು ಕೊನೆಗೆ ಉಳಿದ ಮುದುಡಿದ ಕಾಯಿಯನ್ನು ಬೀಜಕ್ಕೆ ಬಿಡುವ ಅಭ್ಯಾಸ ಒಳ್ಳೆಯದಲ್ಲ. ಬಲಿತ ಬೀಜವನ್ನು ನೆರಳಿನಲ್ಲಿ, ಕೊನೆಗೆ ಎಳೆಬಿಸಿಲಿನಲ್ಲಿ ಒಣಗಿಸಿ, ಒಲೆಯ ಬೂದಿ ಬೆರೆಸಿ, ಬಿಗಿ ಮುಚ್ಚಳದ ಬಾಟಲಿಯಲ್ಲಿಡಿ. ಹೆಸರು, ತಿಂಗಳು ಬರೆದ ಚೀಟಿ ಅಂಟಿಸಿ. ಪಕ್ಕದ ಕಾಸರಗೋಡಿನ ರೈತ ಸತ್ಯನಾರಾಯಣ ಬೆಳೇರಿ ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಪಡೆದರು. ನಾವು ಮನೆಯಲ್ಲಿ ಐದು ತರಕಾರಿಯ ಬೀಜ ಉಳಿಸಿದರೂ ಸಾಕು.

ಕೊಳ್ಳಬೇಕಾದ ಬೀಜಕ್ಕಾಗಿ ತಾಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿ ಅಥವಾ ಮಂಗಳೂರು ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಅಂಗಡಿಯ ಬೀಜಕ್ಕೆ ಗುಲಾಬಿ ಅಥವಾ ನೀಲಿ ಬಣ್ಣ ಇದ್ದರೆ ಅದು ವಿಷೌಷಧ ಲೇಪಿಸಿದ ಬೀಜ. ಮಕ್ಕಳ ಕೈಗೆ ಕೊಡಬೇಡಿ, ಬಿತ್ತಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಕೆಲಸ ಮಾಡುವಾಗ

1. ಮಳೆಗಾಲದಲ್ಲಿ ಬರಿಗಾಲಲ್ಲಿ ಕೆಸರಿಗೆ ಇಳಿಯಬೇಡಿ. ಇಲಿಯ ಮೂತ್ರ ಬೆರೆತ ನೀರಿನಿಂದ ಗಾಯದ ಮೂಲಕ ಇಲಿಜ್ವರ ಬರುತ್ತದೆ. ಗಂಬೂಟು ಹಾಕಿ. ಸಕ್ಕರೆ ಕಾಯಿಲೆಯವರು ಕೆಲಸ ಮುಗಿದ ಮೇಲೆ ಎರಡೂ ಪಾದಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಿ.

2. ಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವುದು ಕಂಡರೆ ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

3. ಅಡಿಕೆಗೆ ಬೋರ್ಡೊ ದ್ರಾವಣ ಬಿಡುವ ತೋಟದ ಕೆಳಗೆ ಸೊಪ್ಪು ಬೆಳೆಯಬೇಡಿ. ಮೈಲುತುತ್ತು ಎಲೆಯ ಮೇಲೆ ಬೀಳುತ್ತದೆ.

4. ನೀರು ತುಂಬಿಸಿಟ್ಟ ಡ್ರಮ್ಮಿಗೆ ಮುಚ್ಚಳವಿರಲಿ. ಕುಂಡದ ತಟ್ಟೆ, ತೆಂಗಿನ ಗೆರಟೆಯಲ್ಲಿ ನೀರು ನಿಲ್ಲದಿರಲಿ. ಡೆಂಗ್ಯೂ ಸೊಳ್ಳೆ ಹುಟ್ಟುವುದು ಅಲ್ಲಿಯೇ.

5. ಮನೆಯ ತರಕಾರಿಗೆ ಕೀಟನಾಶಕ ಸಿಂಪಡಿಸಬೇಡಿ. ಬೆಳ್ತಂಗಡಿ ತಾಲೂಕಿನ ಕೊಕ್ಕಡದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇರುತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್‌ನ ನೋವನ್ನು ಅಲ್ಲಿನ ಮನೆಗಳು ಇಂದಿಗೂ ಅನುಭವಿಸುತ್ತಿವೆ. ಸುಪ್ರೀಂ ಕೋರ್ಟ್ 2011ರ ಮೇ 13ರಂದು ಅದನ್ನು ದೇಶದಾದ್ಯಂತ ತಡೆಯಿತು. ತಳಿಯನ್ನು ಸರಿಯಾಗಿ ಆರಿಸಿದರೆ ವಿಷದ ಅಗತ್ಯವೇ ಕಡಿಮೆಯಾಗುತ್ತದೆ.

ಎಲ್ಲಿಂದ ಆರಂಭಿಸಬೇಕು?

ಮೊದಲ ವರ್ಷ ಐದೇ ಗಿಡ ಸಾಕು: ಒಂದು ಬಸಳೆ ಚಪ್ಪರ, ಒಂದು ಮಡಿ ಹರಿವೆ, ನಾಲ್ಕು ಬುಡ ಅಲಸಂಡೆ, ಹತ್ತು ಬುಡ ಬೆಂಡೆ, ಒಂದು ನುಗ್ಗೆ. ಬಸಳೆ, ಹರಿವೆ ತಿನ್ನಬಾರದ ರೋಗಿಯಿದ್ದರೆ ಆ ಜಾಗದಲ್ಲಿ ಹೀರೆ ಮತ್ತು ತೊಂಡೆ. ಜಾಗವಿಲ್ಲದವರು ಗೊಬ್ಬರದ ಹಳೆಯ ಚೀಲವನ್ನು ತೊಳೆದು, ಅಡಿಗೆ ತೂತು ಮಾಡಿ, ಮಣ್ಣು ತುಂಬಿ ಹರಿವೆ, ಬೆಂಡೆ ಬೆಳೆಯಬಹುದು. ಕೀಟನಾಶಕದ ಡಬ್ಬ, ಚೀಲ ಮಾತ್ರ ಬೇಡವೇ ಬೇಡ.

ಶಸ್ತ್ರಚಿಕಿತ್ಸೆಯಾದವರು ವೈದ್ಯರು ಒಪ್ಪುವವರೆಗೆ ಅಗೆಯುವ, ಭಾರ ಎತ್ತುವ ಕೆಲಸ ಮಾಡಬಾರದು. ಅಂಥವರು ಬೀಜ ಆಯಲಿ, ಚೀಟಿ ಬರೆಯಲಿ, ಸಂಜೆ ಒಂದು ತಂಬಿಗೆ ನೀರು ಹೊಯ್ಯಲಿ. ತಿಂಗಳುಗಟ್ಟಲೆ ಮಲಗಿ ಎದ್ದವರಿಗೆ ಮೊಳಕೆಯೊಡೆದ ಬೀಜ ನೋಡುವುದೂ ಒಂದು ಧೈರ್ಯ.

ನೀವೇ ಪರೀಕ್ಷಿಸಿಕೊಳ್ಳಿ

1. ನಿಮ್ಮ ಮನೆಯ ರೋಗಿ ಮಿತಿಯಲ್ಲಿ ತಿನ್ನಬೇಕಾದ ತರಕಾರಿ ಯಾವುದು? ಗೊತ್ತಿಲ್ಲದಿದ್ದರೆ ಇಂದೇ ವೈದ್ಯರನ್ನು ಕೇಳಿ.
2. ಬದನೆ ಗಿಡ ಹಸಿರಾಗಿದ್ದಂತೆಯೇ ಬಾಡಿದರೆ ಏನು ಪರೀಕ್ಷೆ ಮಾಡುವಿರಿ?
3. ಜೂನ್, ಜುಲೈ ತಿಂಗಳಿಗೆ ನಿಮ್ಮ ಅಟ್ಟದಲ್ಲಿ ಯಾವ ತರಕಾರಿ ಇರುತ್ತದೆ? ಅದಕ್ಕೆ ಯಾವ ತಿಂಗಳು ಬೀಜ ಹಾಕಬೇಕು?
4. ಸೋರೆಕಾಯಿ ಹೆಚ್ಚುವ ಮೊದಲು ಮಾಡಬೇಕಾದ ಕೆಲಸ ಯಾವುದು?

ಔಷಧ ವೈದ್ಯರು ಹೇಳಿದಷ್ಟು ದಿನ. ಊಟ ಜೀವವಿರುವಷ್ಟು ದಿನ. ಮುಂದಿನ ಬಾರಿ ಪರೀಕ್ಷೆಗೆ ಬರುವಾಗ ಚೀಟಿ, ಮಾತ್ರೆಗಳ ಜೊತೆಗೆ ನಿಮ್ಮ ಹಿತ್ತಿಲಿನಲ್ಲಿ ಏನೇನು ಬೆಳೆದಿದೆ, ರೋಗಿ ಅದರಲ್ಲಿ ಏನನ್ನು ತಿನ್ನುತ್ತಿದ್ದಾರೆ ಎಂಬುದನ್ನೂ ಬರೆದು ತನ್ನಿ. ವೈದ್ಯರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.